ಆರನೆಯ ಗ್ಲಾಸು

ಐದೇ ಇದ್ದವು. ಗೌರಮ್ಮಣ್ಣಿ ಷೋಕೇಸಿನ ಬಾಗಿಲನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಮತ್ತೊಮ್ಮೆ ಎಣಿಸಿದಳು. ಎಣಿಸುವಂಥದ್ದೇನೂ ಇರಲಿಲ್ಲ, ಕಣ್ಣಿಗೇ ಕಾಣುತ್ತಿತ್ತು. ಮುಂದಿನ ಸಾಲಿನಲ್ಲಿ ಮೂರು, ಹಿಂದಿನ ಸಾಲಿನಲ್ಲಿ ಎರಡು, ಆ ಎರಡರ ಪಕ್ಕದಲ್ಲಿ ಒಂದು ದುಂಡನೆಯ ಗುರುತು, ಸುತ್ತಲಿನ ದೂಳಿಗಿಂತ ಒಂದಿಷ್ಟು ತೆಳುವಾದ ದೂಳು ಕೂತದ್ದು. ಇವು ಅವಳ ತಮ್ಮ ಗುಂಡ್ಲುಪೇಟೆಯಿಂದ ಗೃಹಪ್ರವೇಶಕ್ಕೆ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದ ಗ್ಲಾಸುಗಳು. ಬಾಯಂಚಿಗೆ ಸಣ್ಣ ನೀಲಿ ಗೆರೆ, ಬುಡದಲ್ಲಿ ದಪ್ಪ ಗಾಜು, ಎತ್ತಿದರೆ ಕೈಗೆ ಹಿತವಾದ ತೂಕ. ಹನ್ನೆರಡು ವರ್ಷದಲ್ಲಿ ಒಂದೂ ಒಡೆದಿರಲಿಲ್ಲ. ಒಡೆಯುವುದಕ್ಕೆ ಅವನ್ನು ಬಳಸಿದ್ದರಲ್ಲವೆ? ಬಂದವರು ನೋಡಲಿ ಅಂತ ಇಟ್ಟದ್ದು, ಬಂದವರು ನೋಡಿಕೊಂಡು ಸ್ಟೀಲ್ ಲೋಟದಲ್ಲಿ ಕಾಫಿ ಕುಡಿದು ಹೋಗುತ್ತಿದ್ದರು. ಹೊರಗೆ ಮೆಣಸಿನ ಬಳ್ಳಿಗಳ ಮೇಲಿಂದ ಮಂಜು ಇನ್ನೂ ಎದ್ದಿರಲಿಲ್ಲ. ಗೂಡಲೂರಿನಲ್ಲಿ ಡಿಸೆಂಬರಿನ ಭಾನುವಾರ ಹತ್ತು ಗಂಟೆಯಾದರೂ ಹಾಗೆಯೇ. ಹನ್ನೆರಡೂವರೆಗೆ ಮಸಿನಗುಡಿಯಿಂದ ಅವರು ಬರುತ್ತಾರೆ, ಟೈಲರ್ ರಾಚಯ್ಯ, ಅವರ ಹೆಂಡತಿ ಚಿಕ್ಕತಾಯಮ್ಮ, ಜೊತೆಗೆ ಮಗ ಪ್ರದೀಪ್. ಮಗಳು ಶಿವರಂಜನಿ ಕೆಲಸ ಮಾಡುವ ಆಸ್ಪತ್ರೆಯಲ್ಲೇ ಅವನು ಲ್ಯಾಬ್ ಟೆಕ್ನೀಷಿಯನ್, ಅವಳು ಮೆಚ್ಚಿದ ಹುಡುಗ. ಬೇರೆ ದಿನವೇ ಇರಲಿಲ್ಲವೇ ಒಂದು ಗ್ಲಾಸು ಮಾಯವಾಗುವುದಕ್ಕೆ, ಇವತ್ತೇ ಆಗಬೇಕಿತ್ತೇ?

ಯಾರೋ ಬೇಕಂತಲೇ ತೆಗೆದಿದ್ದಾರೆ. ಅದು ಅವಳಿಗೆ ಆ ಕ್ಷಣವೇ ಖಾತ್ರಿಯಾಯಿತು, ಯಾರೋ ಅಂದರೆ ಯಾರು ಎಂಬುದೂ ಖಾತ್ರಿಯಾಯಿತು. ಜಗಲಿಯಲ್ಲಿ ಅತ್ತೆ ಕೆಂಪಾಜಮ್ಮ ಕಾಲು ನೀಡಿಕೊಂಡು ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಎಂಬತ್ತೆರಡು ವರ್ಷ, ಕಣ್ಣು ಚೆನ್ನಾಗಿಯೇ ಕಾಣುತ್ತದೆ, ಹಣೆಯ ಮೇಲೆ ವಿಭೂತಿ ಬೆಳಗಿನಷ್ಟೇ ಬೆಳ್ಳಗಿದೆ. ಮೊನ್ನೆ ಗುರುವಾರ ಇದೇ ಜಗಲಿಯಲ್ಲಿ ಕೂತು, ಯಾರನ್ನೂ ಉದ್ದೇಶಿಸದ ಹಾಗೆ, "ಊಟಕ್ಕೆ ಸ್ಟೀಲ್ ಲೋಟ ಸಾಕಲ್ವ, ತೊಳ್ಯಕ್ಕೆ ಸಲೀಸು" ಅಂದಿದ್ದರು. ತೊಳೆಯುವುದು ಸಲೀಸು! ಆ ಮಾತಿನ ಒಳಗೇನಿದೆ ಎಂದು ಗೌರಮ್ಮಣ್ಣಿಗೆ ಗೊತ್ತಿಲ್ಲವೆ? ಅವಳು ಈ ಮನೆಗೆ ಸೊಸೆಯಾಗಿ ಬಂದ ವರ್ಷ, ಹೆಂಚು ಸರಿಮಾಡಲು ಬಂದವನು ನೀರು ಕುಡಿದ ಲೋಟವನ್ನು ಅತ್ತೆ ಇಕ್ಕಳದಲ್ಲಿ ಹಿಡಿದು ಒಲೆಯ ಉರಿಗೆ ಕಾಣಿಸಿ, ಹುಣಿಸೆಹಣ್ಣು ಹಚ್ಚಿ ಉಜ್ಜಿ, ಆಮೇಲೆ ಒಳಗೆ ತೆಗೆದುಕೊಂಡಿದ್ದರು. ಕಂಚು, ಹಿತ್ತಾಳೆ, ಸ್ಟೀಲು ಎಲ್ಲಕ್ಕೂ ಬೆಂಕಿ ಇದೆ. ಗಾಜನ್ನು ಬೆಂಕಿಗೆ ಹಿಡಿಯುವುದಕ್ಕಾಗುತ್ತದೆಯೆ, ಸೀಳಿಹೋಗುತ್ತದೆ. ಗಾಜಿನಲ್ಲಿ ಯಾರು ಕುಡಿದರೋ ಅದು ಅವರದೇ, ಇಲ್ಲವೇ ತಿಪ್ಪೆಯದು. ಗ್ಲಾಸೊಂದು ಕಡಿಮೆಯಾದರೆ ತಾನಾಗಿಯೇ ಸ್ಟೀಲು ಬರುತ್ತದೆ. ಎಂಥ ತಲೆ ನೋಡು ಮುದುಕಿಯದು.

"ಅತ್ತೆ, ಆ ನೀಲಿ ಗೆರೆ ಗ್ಲಾಸು ಒಂದು ಕಾಣ್ತಿಲ್ಲ. ನೀವೇನಾದ್ರೂ ತಕ್ಕಂಡ್ರಾ?"

"ನಂಗ್ಯಾಕವ್ವ ಗ್ಲಾಸು? ನನ್ ಚೆಂಬು ನಂಗಿಲ್ವ?" ಕೆಂಪಾಜಮ್ಮ ಒಂದು ಕಾಯಿ ಸುಲಿದು, ಕಾಳನ್ನು ಮೊರಕ್ಕೆ ಉದುರಿಸಿ, ತಲೆಯೆತ್ತಿ ಸೊಸೆಯ ಮುಖವನ್ನು ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ನೋಡಿದರು. "ಎಲ್ಲಿಟ್ಟಿದ್ದೀಯೊ ನೀನೇ ಗ್ಯಾನ ಮಾಡ್ಕ."

ಆ ನೋಟ ಅವಳಿಗೆ ಸರಿಬರಲಿಲ್ಲ. ಕಳ್ಳತನ ಮಾಡಿದವರು ಹಾಗೆ ನೋಡುವುದಿಲ್ಲ, ಕಳ್ಳನನ್ನು ಕಂಡವರು ನೋಡುತ್ತಾರೆ ಎಂದು ಒಂದು ಯೋಚನೆ ಬಂತು, ಬಂದದ್ದು ಹಾಗೆಯೇ ಹೋಯಿತು. ಒಳಗೆ ಬಂದರೆ ಗಂಡ ಗುರುಮಲ್ಲಪ್ಪ ಕನ್ನಡಿಯ ಮುಂದೆ ಮೀಸೆ ಕತ್ತರಿಸಿಕೊಳ್ಳುತ್ತಿದ್ದ. ಶುಂಠಿ ಗದ್ದೆಗೂ ಹಳೇ ಬನಿಯನ್ನು, ಬೀಗರು ಬಂದರೂ ಹಳೇ ಬನಿಯನ್ನು ಎನ್ನುವ ಮನುಷ್ಯ ಇವತ್ತು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದಾನೆ. ಇದೂ ಅನುಮಾನಕ್ಕೆ ಆಸ್ಪದವೇ. ಎರಡು ತಿಂಗಳು ಮಗಳ ಜೊತೆ ಮಾತು ಬಿಟ್ಟಿದ್ದವನು, ಒಂದು ಬೆಳಿಗ್ಗೆ ಎದ್ದು "ಕರ್ಸು, ನೋಡಮ" ಅಂದುಬಿಟ್ಟಿದ್ದ. ಏನು ನೋಡುವುದು? ಬರಮಾಡಿಕೊಂಡು, ಒಂದು ಸಣ್ಣ ಎಡವಟ್ಟು ಆಗಲಿ, ಅವರಾಗಿಯೇ ಎದ್ದು ಹೋಗಲಿ, ಆಗ ತಪ್ಪು ತನ್ನದಲ್ಲ ಎಂದೇನಾದರೂ ಲೆಕ್ಕ ಹಾಕಿದ್ದಾನೆಯೆ? ಗ್ಲಾಸಿನ ವಿಷಯ ಹೇಳಿದರೆ ಅವನು ಕತ್ತರಿ ಕೆಳಗಿಡದೆ, "ಒಂದು ಸ್ಟೀಲ್ ಲೋಟ ಇಟ್ರೆ ಭೂಮಿ ಬಾಯ್ ಬುಡ್ತದಾ?" ಅಂದ. ನೋಡು, ಇವನ ಬಾಯಲ್ಲೂ ಅದೇ ಸ್ಟೀಲು. ತಾಯಿ ಮಗ ಮಾತಾಡಿಕೊಂಡೇ ಮಾಡಿದ್ದಾರೆ.

ಭೂಮಿ ಬಾಯಿ ಬಿಡುತ್ತದೋ ಇಲ್ಲವೋ, ಮಗಳು ಬಿಟ್ಟು ಹೋಗುತ್ತಾಳೆ. ಅದನ್ನು ಶಿವರಂಜನಿ ಮುಚ್ಚುಮರೆಯಿಲ್ಲದೆ ಹೇಳಿದ್ದಳು, ಕೂಗಾಡಿ ಹೇಳಿದ್ದರೆ ಸಮಾಧಾನವಾಗಿರುತ್ತಿತ್ತು, ಬಟ್ಟೆ ಮಡಚುತ್ತ, ಡ್ಯೂಟಿಯ ಬಿಳಿ ಕೋಟನ್ನು ತೋಳಿಗೆ ತೋಳು ಸೇರಿಸುತ್ತ ಹೇಳಿದ್ದಳು. "ನೀವು ಒಪ್ಪಿ ಅಂತ ನಾನು ಕಾಲು ಹಿಡಿಯಲ್ಲಮ್ಮ. ಆದ್ರೆ ಮನೆಗೆ ಕರೆದು ಅವರ ಮುಖದ ಮುಂದೆ ಒಂದೇ ಒಂದು ಅಪಚಾರ ಆದ್ರೂ, ನಾನು ರಿಜಿಸ್ಟರ್ ಆಫೀಸಿಗೆ ಹೋಗಿ ಸೈನ್ ಹಾಕ್ತೀನಿ. ಆಮೇಲೆ ಈ ಹೊಸ್ತಿಲು ತುಳಿಯಲ್ಲ." ಇವಳು ಹೇಳಿದರೆ ಮಾಡುವವಳು. ಐದು ವರ್ಷದವಳಿದ್ದಾಗ ಇನ್ನು ಹಾಲು ಕುಡಿಯುವುದಿಲ್ಲ ಅಂದವಳು ಇವತ್ತಿನವರೆಗೂ ಕುಡಿದಿಲ್ಲ. ಊಟದ ಏರ್ಪಾಟಿನ ಬಗ್ಗೆಯೂ ಅವಳದೇ ಕಟ್ಟಪ್ಪಣೆ. ಅಮ್ಮ ನಿಂತುಕೊಂಡು ಬಡಿಸುವುದು ಬೇಡ, 'ನಾನು ಆಮೇಲೆ ಉಣ್ತೀನಿ' ಎನ್ನುವುದಂತೂ ಬೇಡವೇ ಬೇಡ, ಅದರ ಅರ್ಥ ಅವರಿಗೆ ನಮಗಿಂತ ಚೆನ್ನಾಗಿ ಆಗುತ್ತದೆ. ಪಾತ್ರೆಗಳನ್ನು ನಡುವೆ ಇಟ್ಟು ಆರು ಜನವೂ ಒಟ್ಟಿಗೆ ಕೂರಬೇಕು. ಅಜ್ಜಿ ಹೇಗೂ ಪೂಜೆ ಮುಗಿಸಿ ಒಳಗೇ ಉಣ್ಣುವವರು. ಆದ್ದರಿಂದ ಆರು ಕುರ್ಚಿ, ಆರು ತಟ್ಟೆ, ಆರು ಗ್ಲಾಸು.

ಗೌರಮ್ಮಣ್ಣಿ ಐದು ಗ್ಲಾಸುಗಳನ್ನೂ ತೊಳೆದು, ಒರೆಸಿ, ಬೆಳಕಿಗೆ ಹಿಡಿದು ನೋಡಿ ತಂದಿಟ್ಟಳು. ಆರನೆಯದಾಗಿ ಒಂದು ಸ್ಟೀಲ್ ಲೋಟ. ಟೇಬಲ್ಲಿನ ಒಂದು ತಲೆಗೆ ಗಂಡ, ಇನ್ನೊಂದು ತಲೆಗೆ ರಾಚಯ್ಯ, ಕಿಟಕಿಯ ಕಡೆ ಚಿಕ್ಕತಾಯಮ್ಮ ಮತ್ತು ಪ್ರದೀಪ್, ಅಡಿಗೆಮನೆಯ ಕಡೆ ತಾನು ಮತ್ತು ಮಗಳು. ಸ್ಟೀಲ್ ಲೋಟವನ್ನು ಅತಿಥಿಗಳ ಮುಂದೆ ಇಡುವ ಮಾತೇ ಇಲ್ಲ. ತನ್ನ ಮುಂದೆ ಇಟ್ಟುಕೊಂಡಳು. ಎರಡು ಹೆಜ್ಜೆ ಹಿಂದೆ ಸರಿದು, ಚಿಕ್ಕತಾಯಮ್ಮನ ಕುರ್ಚಿಯ ಹಿಂದೆ ನಿಂತು, ಅವರ ಕಣ್ಣಿನಿಂದ ನೋಡಿದಳು. ಎಲ್ಲರಿಗೂ ಗಾಜು, ಮನೆಯೊಡತಿಗೊಬ್ಬಳಿಗೆ ಬೇರೆ ಲೋಟ. ಓಹೋ, ನಾವು ಬಾಯಿಟ್ಟ ಸೆಟ್ಟಿನಲ್ಲಿ ಈಯಮ್ಮ ಬಾಯಿಡುವುದಿಲ್ಲ! ಥೂ. ಲೋಟವನ್ನು ಗಂಡನ ಮುಂದಕ್ಕೆ ಸರಿಸಿದಳು. ಯಜಮಾನನ ಮಡಿ ಅನ್ನುತ್ತಾರೆ, ಅದು ಇನ್ನೂ ಕೆಟ್ಟದ್ದು. ಪ್ರದೀಪನ ಮುಂದೆ? ಅವನು ಮುಂದೆ ಅಳಿಯನಾಗುವವನು, ಸಲಿಗೆಯ ಹುಡುಗ, ಏನೂ ಅಂದುಕೊಳ್ಳುವುದಿಲ್ಲ. ಆದರೆ ಅವನ ಅಪ್ಪ ದರ್ಜಿ. ಮೂವತ್ತು ವರ್ಷ ಜನರ ಹೆಗಲು, ಸೊಂಟ, ತೋಳು ಅಳೆದ ಕಣ್ಣು, ಒಂದು ನೂಲು ಆಚೀಚೆಯಾದರೂ ಆ ಕಣ್ಣಿಗೆ ಬೀಳದೆ ಇರುತ್ತದೆಯೆ? ಆರಕ್ಕೆ ಆರೂ ಸ್ಟೀಲೇ ಇಟ್ಟುಬಿಡಲೆ ಎಂದುಕೊಂಡಳು. ಹಾಗೆ ಮಾಡಿದರೆ ಅತ್ತೆ ಗೆದ್ದ ಹಾಗೆ. ಅದೂ ಅಲ್ಲದೆ ಅವರ ಕಣ್ಣೆದುರಿಗೇ ಷೋಕೇಸಿನಲ್ಲಿ ಗಾಜಿನವು ಸಾಲಾಗಿ ನಿಂತಿರುತ್ತವೆ, ನಮಗೆ ತೆಗೆಯಲಿಲ್ಲ ಅಂದುಕೊಳ್ಳುವುದಿಲ್ಲವೆ? ಪಕ್ಕದ ಮಲಯಾಳಿ ಮನೆಯ ಲೀಲಾ ಚೇಚಿಯ ಹತ್ತಿರ ಒಂದು ಸೆಟ್ಟು ಕೇಳಬಹುದಿತ್ತು, ಕೇಳಿದರೆ ಸಂಜೆಯ ಹೊತ್ತಿಗೆ ಮೂರು ಭಾಷೆಯಲ್ಲಿ ಬೀದಿಗೆಲ್ಲ ಸಮಾಚಾರ. ಒಂದು ಲೋಟ, ಆರು ಜಾಗ, ಎಲ್ಲಿಟ್ಟರೂ ಅದು ಬಾಯಿ ಬಿಟ್ಟು ಏನೋ ಹೇಳುತ್ತಿತ್ತು.

ಅವಳ ಅಪ್ಪನ ಅಂಗಡಿಯಲ್ಲಿ ಬೇರೆ ಲೋಟಕ್ಕೆ ಜಾಗದ ತೊಂದರೆಯೇ ಇರಲಿಲ್ಲ. ಮಸಿನಗುಡಿಯ ಬಜಾರಿನಲ್ಲಿ ಹಂಚಿನ ಮಾಡಿನ ಟೀ ಅಂಗಡಿ, ಒಳಗೆ ಎರಡು ಬೆಂಚು, ಬೆಂಚಿನವರಿಗೆ ಏಣು ಏಣಿನ ಗಾಜಿನ ಗ್ಲಾಸು. ಬೀದಿಯ ಕಡೆ ಒಂದು ಕಿಟಕಿ, ಕಿಟಕಿಯ ಹೊರಗೋಡೆಯಲ್ಲಿ ಏಳೆಂಟು ಮೊಳೆ, ಮೊಳೆಗೊಂದು ಅಲ್ಯೂಮಿನಿಯಮ್ ಲೋಟ. ಬಂದವರು ತಮ್ಮ ಲೋಟ ತಾವೇ ತೆಗೆದು ಕಿಟಕಿಯ ಕಟ್ಟೆಯ ಮೇಲಿಡಬೇಕು, ಮೇಲಿನಿಂದ ಟೀ ಹುಯ್ಯಬೇಕು, ಕುಡಿದು ತಾವೇ ತೊಳೆದು ಮೊಳೆಗೆ ಸಿಕ್ಕಿಸಿ ಹೋಗಬೇಕು. ಆಗ ಅವಳು ಹನ್ನೊಂದು ವರ್ಷದ ಗೌರಿ, ರಜದ ದಿನ ಕಿಟಕಿಯ ಕೆಲಸ ಅವಳದು. ಮೇಲಿನಿಂದ ಹುಯ್ಯುವುದು ಅವಳಿಗೆ ಆಟವಾಗಿತ್ತು, ಒಂದು ತೊಟ್ಟು ಚೆಲ್ಲದ ಹಾಗೆ ಒಂದು ಮೊಳ ಮೇಲಿನಿಂದ ಹುಯ್ದರೆ ಅಪ್ಪ ಭೇಷ್ ಅನ್ನುತ್ತಿದ್ದರು. ದನಗಳನ್ನು ಕೂಡುವ ಪಟ್ಟಿಯಲ್ಲಿ ಸಗಣಿ ಬಾಚಿ ಬುಟ್ಟಿ ಹೊರುತ್ತಿದ್ದ ನಂಜಿ ದಿನಾ ಬೆಳಿಗ್ಗೆ ಮೊದಲು ಬರುವವಳು, ಮೂರನೆಯ ಮೊಳೆ ಅವಳದು. "ಅಮ್ಮಣ್ಣಿ, ಬಿಸಿಯಾಗಿ ಒಸಿ ಹುಯ್ಯಿ" ಅನ್ನುವಳು. ಇಂಥದೇ ಮಂಜಿನ ಒಂದು ಬೆಳಿಗ್ಗೆ ಅವಳಿಗೆ ಜ್ವರ, ಬೆರಳೆಲ್ಲ ಒಡೆದು ರಕ್ತ ಕಾಣುತ್ತಿತ್ತು, ಬಿಸಿಯಾದ ಅಲ್ಯೂಮಿನಿಯಮ್ಮನ್ನು ಹಿಡಿಯಲಾರದೆ ಸೆರಗು ಸುತ್ತಿದರೂ ಕೈ ನಡುಗಿ ಕೆಳಗಿಟ್ಟಳು. ಗೌರಿ ಒಳಗಿನ ಗ್ಲಾಸೊಂದನ್ನು ತೆಗೆದು, ಅದರಲ್ಲಿ ಟೀ ಹುಯ್ದು, ಕಿಟಕಿಯಿಂದ ಕೊಟ್ಟಳು. ದೊಡ್ಡ ದಯೆಯೇನೂ ಇರಲಿಲ್ಲ ಅದರಲ್ಲಿ, ಗಾಜಿನ ಬುಡ ದಪ್ಪ, ಕೈ ಸುಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು, ಅಷ್ಟೇ.

ಹಿಂದೆ ಅಪ್ಪ ನಿಂತಿದ್ದರು. "ಯಾರ್ ಕೊಟ್ಟೋರು ಅದ್ನ?" ಅವರ ದನಿಗೆ ಬೆಂಚಿನವರೆಲ್ಲ ತಿರುಗಿದರು. ಗೌರಿಯ ಬಾಯಿಂದ, ಅವಳು ಯೋಚಿಸುವ ಮುಂಚೆಯೇ, "ಅವ್ಳೇ ಎತ್ಕಂಡ್ಳು" ಎಂದು ಬಂತು. ನಂಜಿ ಒಂದು ಗುಟುಕು ಕುಡಿದಿದ್ದಳು. ಹುಡುಗಿಯ ಮುಖ ನೋಡಿದಳು. ಕಿಟಕಿಯ ಒಳಗೆ ಕೈ ಹಾಕಿ ಅಲ್ಲಿಂದ ಗ್ಲಾಸು ಎತ್ತಿಕೊಳ್ಳುವುದು ಯಾರಿಂದಲೂ ಆಗುವ ಮಾತಲ್ಲ, ಅದು ಬೆಂಚಿನವರಿಗೂ ಗೊತ್ತಿತ್ತು. ಆದರೂ ಅವಳು, "ಊ ಕನ ಬುದ್ಧಿ, ನಾನೇ ಎತ್ಕಂಡಿ. ಜರ ಬಂದು ಮಂಕಾಗಿದ್ದಿ" ಅಂದಳು. ಅಪ್ಪ ಗ್ಲಾಸನ್ನು ಕಿತ್ತು ಕಲ್ಲಿಗೆ ಒಡೆದರು, ಟೀ ಸಮೇತ. ಬೈದ ಬೈಗುಳವನ್ನು ಗೌರಮ್ಮಣ್ಣಿ ಇವತ್ತಿಗೂ ಮನಸ್ಸಿನಲ್ಲಿ ಕೂಡ ಪೂರ್ತಿ ಅಂದುಕೊಳ್ಳಲಾರಳು. ನಂಜಿ ಕೂತು ಚೂರುಗಳನ್ನೆಲ್ಲ ಒಂದೊಂದಾಗಿ ಆರಿಸಿ ಸೆರಗಿಗೆ ಹಾಕಿಕೊಂಡು ಹೋದಳು. ಆಮೇಲೆ ಅವಳು ಆ ಬೀದಿಯಲ್ಲಿ ಟೀ ಕುಡಿಯಲಿಲ್ಲ. ಮೂರನೆಯ ಮೊಳೆಯಲ್ಲಿ ಲೋಟ ಒಂದು ವರ್ಷ ಹಾಗೆಯೇ ತೂಗುತ್ತಿತ್ತು, ಗಾಳಿ ಬಂದಾಗ ಗೋಡೆಗೆ ಬಡಿಯುತ್ತಿತ್ತು.

ರಾಚಯ್ಯ ನಂಜಿಯ ಮಗನಾಗಿದ್ದರೆ? ಮಸಿನಗುಡಿ, ಅದೇ ಕೇರಿ, ವಯಸ್ಸೂ ಕೂಡಿ ಬರುತ್ತದೆ. ಸಂಬಂಧದ ಸುದ್ದಿ ಬಂದಾಗಿನಿಂದ ಇದೇ ಒಂದು ಹುಳ ಅವಳ ತಲೆಯಲ್ಲಿ. ಅವಳ ತವರು ಯಾವುದು, ಅಪ್ಪನ ಅಂಗಡಿ ಯಾವುದು ಎಂದು ಅವರಿಗೆ ಈಗಾಗಲೇ ತಿಳಿದಿರುತ್ತದೆ. ತಿಳಿದೇ ಬರುತ್ತಿದ್ದಾರೆ. ತಟ್ಟೆಯ ಮುಂದೆ ಕೂತು, ಗ್ಲಾಸನ್ನು ಕೈಯಲ್ಲಿ ಹಿಡಿದು, ಎಲ್ಲರ ಎದುರಿಗೆ, ಮಗಳ ಎದುರಿಗೆ, 'ನಮ್ಮವ್ವನಿಗೆ ಒಂದ್ಸಲ ನೀವು ಇಂಥದೇ ಗ್ಲಾಸಲ್ಲಿ ಟೀ ಕೊಟ್ಟಿದ್ರಂತೆ' ಅಂದರೆ ಅವಳು ಎಲ್ಲಿ ಮುಖ ಇಟ್ಟುಕೊಳ್ಳಬೇಕು?

"ಏನಮ್ಮ ಇದು, ಚದುರಂಗ ಆಡ್ತಿದ್ದೀಯಾ?" ಶಿವರಂಜನಿ ತಲೆ ಒರೆಸಿಕೊಳ್ಳುತ್ತ ಬಂದವಳು, ಅಮ್ಮನ ಕೈಯಲ್ಲಿದ್ದ ಸ್ಟೀಲ್ ಲೋಟ ನೋಡಿದಳು. ಅವಳ ಮುಖ ಬಿಗಿಯಿತು. "ಇದ್ಯಾರಿಗೆ?"

"ಯಾರಿಗೂ ಅಲ್ಲ. ಗ್ಲಾಸು ಒಂದು ಕಮ್ಮಿ ಬಂತು. ಎಲ್ಲೋಯ್ತೋ ಗೊತ್ತಿಲ್ಲ."

"ಆರಿತ್ತಲ್ಲ. ದೀಪಾವಳೀಲಿ ಪ್ರದೀಪ್ ಬಂದಾಗ ನಾನೇ ತೆಗೆದು ಜ್ಯೂಸ್ ಕೊಟ್ನಲ್ಲ."

"ಅವತ್ತು ಸಿಂಕಲ್ಲಿ ನೀರು ಬತ್ತಿರ್ಲಿಲ್ಲ, ಹಿತ್ತಿಲ ನಲ್ಲೀಲಿ ತೊಳ್ದೆ. ಆಮೇಲೆ ಒಳಗೇ ಇಟ್ಟೆ. ಈಗ ಇಲ್ಲ ಅಂದ್ರೆ ಯಾರು ತೆಗೆದಿರ್ತಾರೆ ನೀನೇ ಹೇಳು." ಗೌರಮ್ಮಣ್ಣಿ ಜಗಲಿಯ ಕಡೆ ಕಣ್ಣು ತೋರಿಸಿದಳು. ಮಗಳು ಜಗಲಿಯನ್ನೂ ನೋಡಿದಳು, ಅಮ್ಮನನ್ನೂ ನೋಡಿದಳು. ಅವಳು ತನ್ನನ್ನು ನಂಬುತ್ತಿಲ್ಲವೇನೋ ಎಂದು ಗೌರಮ್ಮಣ್ಣಿಗೆ ಅನ್ನಿಸಿತು. ಹೆತ್ತ ಮಗಳು ಹಾಗೆ ನೋಡಿದರೆ ಯಾರಿಗೆ ತಾನೆ ಸಹಿಸಲಾಗುತ್ತದೆ? ಆದರೆ ಶಿವರಂಜನಿ ಲೋಟ ಕಿತ್ತುಕೊಂಡು ತನ್ನ ಕುರ್ಚಿಯ ಮುಂದೆ ಕುಕ್ಕಿದಳು. "ನನಗಿರ್ಲಿ. ನಾನು ಎರಡೂ ಮನೆಯೋಳು. ನನ್ನ ಯಾರೂ ಏನೂ ಅಂದ್ಕೊಳ್ಳಲ್ಲ." ಅದೊಂದೇ ಜಾಗ ಅಮ್ಮನಿಗೆ ಹೊಳೆದಿರಲಿಲ್ಲ. ಗೌರಮ್ಮಣ್ಣಿ ಐದು ಗ್ಲಾಸುಗಳಿಗೂ ನೀಲಿ ಗೆರೆಯ ಕೆಳಗೆ ಒಂದೇ ಮಟ್ಟಕ್ಕೆ ಬರುವ ಹಾಗೆ ಜೀರಿಗೆ ನೀರು ತುಂಬಿಸಿದಳು, ಲೋಟಕ್ಕೂ ಹುಯ್ದಳು.

ಹನ್ನೆರಡೂವರೆಗೆ ಸರಿಯಾಗಿ ಬಂದರು. ರಾಚಯ್ಯ ಸಣ್ಣ ಆಳು, ಬಿಳಿ ಅಂಗಿ, ಅವರೇ ಹೊಲಿದದ್ದಿರಬೇಕು, ಕಾಲರು ಕತ್ತಿಗೆ ಅಂಟಿದಂತೆ ಕೂತಿತ್ತು. ಚಿಕ್ಕತಾಯಮ್ಮ ಅವರಿಗಿಂತ ಒಂದು ಗೇಣು ಎತ್ತರ, ಬಾಯಿ ತುಂಬ ನಗು, ಕೈಯಲ್ಲಿ ಒಂದು ಗೊನೆ ನೇಂದ್ರ ಬಾಳೆ. "ಏನ್ ಚಂದ ಜೋಡ್ಸಿದ್ದೀರಿ ಗೌರಕ್ಕ!" ಅಂದರು ಟೇಬಲ್ಲು ನೋಡಿ. ಮೊದಲ ಮಾತಿಗೇ ಅಕ್ಕ. ಗೌರಮ್ಮಣ್ಣಿಗೆ ಅದು ಹಿತವಾಯಿತೋ ಚುಚ್ಚಿತೋ ತಿಳಿಯಲಿಲ್ಲ. ಮೊದಲು ಟೇಬಲ್ಲನ್ನೇ ಯಾಕೆ ನೋಡಿದರು, ಅದು ಮಾತ್ರ ತಿಳಿಯಬೇಕಿತ್ತು. ಇವರು ಎಲ್ಲ ನೋಡಿಕೊಂಡು ಹೋಗಲು ಬಂದವರು ಎಂದುಕೊಂಡು ಅವಳು ಅಡಿಗೆಮನೆಯಿಂದ ಕಾಯೊಬ್ಬಟ್ಟಿನ ತಟ್ಟೆ ತರಲು ಹೋದಳು. ತಿರುಗಿ ಬರುವಷ್ಟರಲ್ಲಿ ಚಿಕ್ಕತಾಯಮ್ಮ ಕೂತುಬಿಟ್ಟಿದ್ದರು. ಕಿಟಕಿಯ ಕಡೆ ತಮಗೆಂದು ಇಟ್ಟ ಕುರ್ಚಿಯಲ್ಲಿ ಅಲ್ಲ, ಅಡಿಗೆಮನೆಯ ಕಡೆ, ಗೌರಮ್ಮಣ್ಣಿಯ ಪಕ್ಕದ ಕುರ್ಚಿಯಲ್ಲಿ. ಶಿವರಂಜನಿಯ ಜಾಗದಲ್ಲಿ. ಅವರ ಮುಂದೆ ಸ್ಟೀಲ್ ಲೋಟ ಹೊಳೆಯುತ್ತಿತ್ತು.

ಪ್ರದೀಪ ತಲೆ ತಗ್ಗಿಸಿದ. ಗುರುಮಲ್ಲಪ್ಪ ಮೀಸೆ ಮುಟ್ಟಿಕೊಂಡ. ಸುತ್ತ ಐದು ಗಾಜು, ಇವರಿಗೊಬ್ಬರಿಗೆ ಲೋಟ, ಬೇಕೆಂದು ಜೋಡಿಸಿದ್ದರೂ ಇಷ್ಟು ಕರಾರುವಾಕ್ಕಾಗಿ ಬರುತ್ತಿರಲಿಲ್ಲ. "ಅತ್ತೆ, ನೀವು ಈ ಕಡೆ ಬನ್ನಿ, ಅದು ನನ್ನ ಜಾಗ" ಎಂದು ಶಿವರಂಜನಿ ಎದುರಿನ ಗಾಜಿನ ಗ್ಲಾಸಿಗೆ ಕೈ ಚಾಚಿದಳು. ಚಾಚಿದ ರಭಸಕ್ಕೆ ನೀರು ತುಳುಕಿ ಒಬ್ಬಟ್ಟಿನ ತಟ್ಟೆಯ ಸುತ್ತ ಹರಿಯಿತು. "ಇರ್ಲಿ ಬುಡವ್ವ," ಚಿಕ್ಕತಾಯಮ್ಮ ಲೋಟ ಎತ್ತಿ ಗಟಗಟ ಕುಡಿದು ಕೆಳಗಿಟ್ಟರು. "ನಂಗೆ ಸ್ಟೀಲೇ ಸೈ. ಗಾಜು ಕೈ ಜಾರ್ತದೆ. ಗೌರಕ್ಕನ ಪಕ್ಕ ಕೂತ್ಕಂಡ್ರೆ ನಾಲ್ಕು ಮಾತಾಡ್ಬೋದು ಅಂತ ಈ ಕಡೀಕೆ ಬಂದಿ." ಅವರು ನಕ್ಕರು. ನಗು ಕಣ್ಣಿನವರೆಗೆ ಹೋಯಿತೇ ಎಂದು ಗೌರಮ್ಮಣ್ಣಿ ನೋಡಿದಳು. ಹೋಗಿತ್ತು ಅನ್ನಿಸಿತು, ಇಲ್ಲ ಅನ್ನಿಸಿತು. ಮಗಳು ಬಟ್ಟೆ ತಂದು ಟೇಬಲ್ಲು ಒರೆಸುವಾಗ ಅಮ್ಮನ ಕಡೆ ನೋಡಲೇ ಇಲ್ಲ.

ಊಟ ಸಾಗಿತು. ಅವರೆಕಾಳಿನ ಸಾರು ಚೆನ್ನಾಗಿದೆ ಅಂದರು. ಈ ಸಲದ ಶುಂಠಿಗೆ ಕೊಳೆರೋಗ ಬಿದ್ದದ್ದರ ಬಗ್ಗೆ ಗುರುಮಲ್ಲಪ್ಪ ಹೇಳಿದ, ಯೂನಿಫಾರ್ಮು ಹೊಲಿಸುವವರು ಈಗ ಕಮ್ಮಿ ಎಂದು ರಾಚಯ್ಯ ಹೇಳಿದರು. ಗೌರಮ್ಮಣ್ಣಿ ಪ್ರತಿ ಮಾತಿನ ಹಿಂದೆ ಇನ್ನೊಂದು ಮಾತು ಹುಡುಕುತ್ತ, ತುತ್ತು ಇಳಿಯದೆ, ಕೊನೆಗೆ ತಾನೇ ಬಾವಿಗೆ ಬೀಳುವವಳ ಹಾಗೆ ಕೇಳಿಬಿಟ್ಟಳು. "ನಿಮ್ಮ ತಾಯಿಯೋರು ಮಸಿನಗುಡೀಲೆ ಇದ್ರಾ? ಅವರ ಹೆಸ್ರು...?"

"ಇಲ್ಲ ಕನಮ್ಮ," ರಾಚಯ್ಯ ಅನ್ನ ಕಲಸುತ್ತ ಅಂದರು. "ನಮ್ಮವ್ವ ದೊಡ್ಡಮಾದಿ ಅಂತ. ಬೇಗೂರು ಕಡೆಯೋರು. ಅವರು ಮಸಿನಗುಡಿ ಕಂಡೋರೇ ಅಲ್ಲ. ಮಿಷನ್ನು ಹೊತ್ಕಂಡು ನಾನು ಬಂದದ್ದೇ ತೊಂಬತ್ತಾರರಲ್ಲಿ."

ನಂಜಿ ಅಲ್ಲ. ಗೌರಮ್ಮಣ್ಣಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು, ಇಳಿದ ಮರುಗಳಿಗೆಯೇ ನಾಚಿಕೆಯಾಯಿತು. ಇವರ ತಾಯಿ ನಂಜಿ ಅಲ್ಲದಿದ್ದರೆ ಏನಂತೆ, ನಂಜಿಗೆ ಮಾಡಿದ್ದು ಮಾಡಿದ್ದೇ ತಾನೆ? ಆದರೂ ಹಸಿವಾಯಿತು. ಅವಳು ಎರಡನೆಯ ಸಲ ಅನ್ನ ಹಾಕಿಕೊಂಡಳು, ತನ್ನ ಗ್ಲಾಸು ಎತ್ತಿ ನೀರು ಕುಡಿದಳು, ಒಬ್ಬಟ್ಟಿಗೆ ತುಪ್ಪ ಬಡಿಸಿ ಚಿಕ್ಕತಾಯಮ್ಮನಿಗೆ ಒತ್ತಾಯ ಮಾಡಿದಳು. ಮಗಳು ಮೊದಲ ಸಲ ಅಮ್ಮನ ಮುಖ ನೋಡಿ ಅರೆಬರೆ ನಕ್ಕಳು. ಆಯಿತು, ದಾಟಿದೆವು, ಎಂದುಕೊಂಡಳು ಗೌರಮ್ಮಣ್ಣಿ.

ಊಟ ಮುಗಿದು ಗಂಡಸರು ಬೇಸಿನ್ನಿನ ಹತ್ತಿರ ಕೈ ತೊಳೆಯಲು ನಿಂತಿದ್ದರು, ಶಿವರಂಜನಿ ಐದು ಗ್ಲಾಸುಗಳನ್ನೂ ಒಂದು ಕಡೆ ಸಾಲಾಗಿಟ್ಟು ಟೇಬಲ್ಲು ಒರೆಸುತ್ತಿದ್ದಳು. ಚಿಕ್ಕತಾಯಮ್ಮ ಎದ್ದು ಎಂಜಲು ತಟ್ಟೆಗೆ ಕೈ ಹಾಕಿದರು. "ಅಯ್ಯೋ ಬುಡಿ, ತಟ್ಟೆ ಎತ್ತಬೇಡಿ!" ಎಂದು ಗೌರಮ್ಮಣ್ಣಿ ಅವರ ಮಣಿಕಟ್ಟು ಹಿಡಿದುಕೊಂಡಳು, ಹಿಡಿದದ್ದು ತುಸು ಜೋರಾಯಿತು. "ಸರಿ ಬುಡಿ, ಎತ್ತಲ್ಲ. ಹಿತ್ತಿಲಲ್ಲಿ ನಲ್ಲಿ ಅದಲ್ವ, ನಾನು ಅಲ್ಲೇ ಕೈ ತೊಳ್ಕತೀನಿ" ಎಂದು ಅವರು ಅಡಿಗೆಮನೆ ದಾಟಿ ಹೋದರು. ನೀರು ಬಿದ್ದ ಸದ್ದು ಕೇಳಿಸಿತು, ನಿಂತಿತು. ಆಮೇಲೆ ಬರಬೇಕಾದ್ದಕ್ಕಿಂತ ಒಂದಿಷ್ಟು ತಡವಾಯಿತು. ಬಂದಾಗ ಅವರ ಒದ್ದೆ ಕೈಯಲ್ಲಿ ಒಂದು ಗ್ಲಾಸಿತ್ತು. ನೀಲಿ ಗೆರೆಯದು. ಮೈಯೆಲ್ಲ ಮಸುಕು, ಒಳಗೆ ಜೇಡರ ಬಲೆ, ಬಲೆಯಲ್ಲಿ ಒಂದು ಒಣಗಿದ ಸಿಲ್ವರ್ ಓಕಿನ ಎಲೆ.

"ಗೌರಕ್ಕ, ನಿಮ್ಮದೊಂದು ಗ್ಲಾಸು ಆಚೆ ಕಿಟಕಿ ಕಟ್ಟೆ ಮ್ಯಾಲಿತ್ತು."

ಕಿಟಕಿ ಕಟ್ಟೆ. ಗೌರಮ್ಮಣ್ಣಿಗೆ ಆ ಸಂಜೆ ಇಡಿಯಾಗಿ ಕಂಡಿತು, ಯಾರೋ ಪರದೆ ಸರಿಸಿದ ಹಾಗೆ. ಪ್ರದೀಪ ಹೋಗಿದ್ದ, ಟೇಬಲ್ಲಿನ ಮೇಲೆ ಅವನ ಗ್ಲಾಸಿತ್ತು, ತುಟಿಯ ಗುರುತು ಇತ್ತು. ಅದನ್ನು ಎರಡು ಬೆರಳಲ್ಲಿ ಬುಡ ಹಿಡಿದು ಹಿತ್ತಿಲಿಗೆ ಒಯ್ದಿದ್ದಳು. ಸೋಪು ಹಾಕಿ ತೊಳೆದಳು. ಮತ್ತೆ ತೊಳೆದಳು. ತೊಳೆದು ಕಿಟಕಿಯ ಹೊರಗಟ್ಟೆಯ ಮೇಲೆ ಇಟ್ಟಳು, ಆರಲಿ ಎಂದು. ಆರಿದ ಮೇಲೆ ಒಳಗೆ ತರುವುದಕ್ಕೆ ಐದು ವಾರ ಕೈ ಹೋಗಿರಲಿಲ್ಲ, ಅಷ್ಟೇ. ಮನಸ್ಸಿಗೆ ಗೊತ್ತಿಲ್ಲದೆ ಕೈ ತನ್ನ ಕೆಲಸ ಮಾಡಿ ಮುಗಿಸಿತ್ತು. ಅಪ್ಪನ ಅಂಗಡಿಯ ಮೂರನೆಯ ಮೊಳೆಗೆ ಸಿಕ್ಕಿಸಿದ ಹಾಗೆಯೇ.

"ಅದಾ?" ಒಳಗಿನ ಬಾಗಿಲಲ್ಲಿ ಗೋಡೆ ಹಿಡಿದುಕೊಂಡು ಕೆಂಪಾಜಮ್ಮ ನಿಂತಿದ್ದರು. ಯಾವಾಗ ಬಂದರೋ. "ಅದ ನಾನೇ ಇಟ್ಟಿದ್ದು ಕನವ್ವ. ಹಳೇ ಕಾಲದೋಳು ನೋಡು, ಯಾರೋ ಕುಡ್ದದ್ದು ಅಂತ ಆಚೆ ಇಟ್ಬುಟ್ಟೆ. ಮರುವು ಬ್ಯಾರೆ. ತಪ್ಪಾಯ್ತು, ಮನ್ಸಿಗೆ ಹಚ್ಕಬ್ಯಾಡಿ." ಹೇಳುತ್ತ ಅವರು ಸೊಸೆಯ ಕಡೆ ನೋಡಿದರು, ಬೆಳಿಗ್ಗೆ ಜಗಲಿಯಲ್ಲಿ ನೋಡಿದಷ್ಟೇ ಹೊತ್ತು. ಅವರಿಗೆ ಐದು ವಾರದಿಂದ ಗೊತ್ತಿತ್ತು.

ಸಭೆ ಸಡಿಲವಾಯಿತು. ಗುರುಮಲ್ಲಪ್ಪ ಉಸಿರು ಬಿಟ್ಟ. "ಇರ್ಲಿ ಬುಡಿ ಅವ್ವ, ವಯಸ್ಸಾದೋರು" ಎಂದು ರಾಚಯ್ಯ ಟವೆಲ್ಲಿನಲ್ಲಿ ಕೈ ಒರೆಸಿಕೊಂಡರು. ಪ್ರದೀಪನೂ ನಕ್ಕ. "ಅಜ್ಜಿ!" ಎಂದು ಶಿವರಂಜನಿ ಗದರಿದಳು, ಗದರಿದ್ದರಲ್ಲೇ ಕ್ಷಮೆಯಿತ್ತು, ಎಂಬತ್ತೆರಡು ವರ್ಷದವರ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡಲಾಗುತ್ತದೆ? ಎಲ್ಲ ಮುಗಿದಿತ್ತು. ಸುಮ್ಮನೆ ನಿಂತಿದ್ದರೆ ಸಾಕು. ಅಡಿಗೆಮನೆಗೆ ಹೋಗಿ ಎಲೆ ಅಡಿಕೆಯ ತಟ್ಟೆ ತಂದರೆ ಸಾಕು, ಮಗಳು ಉಳಿಯುತ್ತಾಳೆ. ಊ ಕನ ಬುದ್ಧಿ, ನಾನೇ ಎತ್ಕಂಡಿ. ಮುದುಕಿ ಕೂಡ ನಂಜಿಯ ಹಾಗೆ ಸೆರಗಿಗೆ ಚೂರು ಆರಿಸಿಕೊಳ್ಳುತ್ತಿದ್ದಳು, ಇಡೀ ಬೆಳಿಗ್ಗೆ ಗೌರಮ್ಮಣ್ಣಿ ಯಾರನ್ನು ಕಳ್ಳಿ ಎಂದುಕೊಂಡಿದ್ದಳೋ ಆ ಮುದುಕಿ.

"ಅತ್ತೆ ಅಲ್ಲ," ಅಂದಳು ಗೌರಮ್ಮಣ್ಣಿ. "ನಾನು ಇಟ್ಟಿದ್ದು. ದೀಪಾವಳೀಲಿ ಪ್ರದೀಪ್ ಕುಡಿದ ಗ್ಲಾಸು ಅದು. ತೊಳ್ದು ಅಲ್ಲಿಟ್ಟೆ. ಒಳೀಕೆ ತರ್ಲಿಲ್ಲ."

ಶಿವರಂಜನಿ ಒರೆಸುವ ಬಟ್ಟೆಯನ್ನು ಟೇಬಲ್ಲಿನ ಮೇಲೆ ಇಟ್ಟಳು. "ಅವತ್ತು ಸಿಂಕಲ್ಲಿ ನೀರಿತ್ತಾ ಅಮ್ಮ?"

"ಇತ್ತು."

ಪ್ರದೀಪನ ನಗು ಮುಖದ ಮೇಲೆ ಇರುವುದಕ್ಕೂ ಆಗದೆ ಹೋಗುವುದಕ್ಕೂ ಆಗದೆ ನಿಂತಿತ್ತು. ರಾಚಯ್ಯ ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ, ಅಂಚಿಗೆ ಅಂಚು ಸೇರಿಸಿ, ಕುರ್ಚಿಯ ಬೆನ್ನಿಗೆ ಹಾಕಿದರು. ಗೌರಮ್ಮಣ್ಣಿ ಯಾರ ಮುಖವನ್ನೂ ನೋಡಲಿಲ್ಲ, ನೋಡುವ ಮುಖ ಇರಲಿಲ್ಲ. ಚಿಕ್ಕತಾಯಮ್ಮನ ಕೈ ಮಾತ್ರ ಕಾಣುತ್ತಿತ್ತು. ಆ ಕೈ ಗ್ಲಾಸನ್ನು ಬೇಸಿನ್ನಿಗೆ ಒಯ್ದಿತು. ಎಲೆ ತೆಗೆಯಿತು, ಬಲೆ ತೆಗೆಯಿತು, ಅವಸರವಿಲ್ಲದೆ ತೊಳೆದು, ಸೆರಗಿನಲ್ಲಿ ಒರೆಸಿ, ಮಿಕ್ಕ ಐದರ ಸಾಲಿನಲ್ಲಿ, ನೀಲಿ ಗೆರೆಗೆ ನೀಲಿ ಗೆರೆ ತಾಗುವಷ್ಟು ಹತ್ತಿರ ಇಟ್ಟಿತು. ಆಮೇಲೆ ಚಿಕ್ಕತಾಯಮ್ಮ ಮಾತಾಡಿದರು. ದನಿಯಲ್ಲಿ ನಗು ಇರಲಿಲ್ಲ, ಸಿಟ್ಟೂ ಇರಲಿಲ್ಲ.

"ನಮ್ಮನೇಲೂ ಗ್ಲಾಸವೆ ಗೌರಕ್ಕ. ಬರೋ ಭಾನ್ವಾರ ಎಲ್ರೂ ಮಸಿನಗುಡಿಗೆ ಊಟಕ್ಕೆ ಬನ್ನಿ. ಅವತ್ತು ನಾನು ಜೋಡಿಸ್ತೀನಿ, ನೀವು ಕುಡೀರಿ."